ಅಗ್ಗದ ಎಲೆಕ್ಟ್ರಿಕ್ ಗಿಟಾರ್: ದುಡ್ಡು ಮೊದಲು ಯಾವುದಕ್ಕೆ ಹಾಕಬೇಕು?

ಏಳೆಂಟು ಸಾವಿರದ ಎಲೆಕ್ಟ್ರಿಕ್ ಗಿಟಾರ್ ಮನೆಗೆ ಬಂದು ಒಂದು ವರ್ಷ ಆಗಿರುತ್ತದೆ. ಕೈ ಪಳಗಿದೆ, ಕಿವಿಯೂ ಪಳಗಿದೆ. ಆಗ ಗಿಟಾರಿನ ಒಂದೊಂದೇ ಕೊರತೆ ಕಾಣಲು ಶುರುವಾಗುತ್ತದೆ. ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಹುಡುಗ ಹುಡುಗಿಯರು ನನ್ನ ಹತ್ತಿರ ಗಿಟಾರ್ ತಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಅಣ್ಣ, ಪಿಕಪ್ ಬದಲಿಸುವುದಾ, ಬಿರಡೆ ಬದಲಿಸುವುದಾ, ಅಲ್ಲ ಇದನ್ನು ಮಾರಿ ಬೇರೆಯೇ ತೆಗೆದುಕೊಳ್ಳುವುದಾ?” ಪಿಕಪ್ ಎಂದರೆ ತಂತಿಯ ಕೆಳಗಿದ್ದು ಅದರ ಅಲುಗಾಟವನ್ನು ಹಿಡಿಯುವ ಅಯಸ್ಕಾಂತದ ಸುರುಳಿ, ಬಿರಡೆ ಎಂದರೆ ಶ್ರುತಿ ಮಾಡಲು ತಿರುಗಿಸುವ ಭಾಗ.

ಉತ್ತರ ಒಬ್ಬೊಬ್ಬರಿಗೆ ಒಂದೊಂದು. ಆದರೆ ದುಡ್ಡು ಹಾಕುವ ಕ್ರಮ ಹೆಚ್ಚಿನವರಿಗೆ ಒಂದೇ. ಮೊದಲು ಗಿಟಾರ್ ಕೈಗೆ ಒಗ್ಗಬೇಕು, ಆಮೇಲೆ ಶ್ರುತಿ ನಿಲ್ಲಬೇಕು, ಸ್ವರದ ಬಣ್ಣ ಬದಲಿಸುವುದು ಕೊನೆಗೆ. ನಾನು ಇದನ್ನು ತಿರುಗಾಮುರುಗಾ ಮಾಡಿ ಕಲಿತವನು. ನನ್ನ ಮೊದಲ ಗಿಟಾರಿಗೆ ಸುಮಾರು 9,000 ರೂಪಾಯಿ ಕೊಟ್ಟು ಪಿಕಪ್ ತರಿಸಿದೆ. ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ಕೊಟ್ಟದ್ದು. ಸ್ವರ ಚೆನ್ನಾಗಿಯೇ ಬಂತು. ಆದರೆ ಊರಿನ ಜಾತ್ರೆಯ ರಸಮಂಜರಿಯಲ್ಲಿ ಮೂರನೆಯ ತಂತಿ ಪ್ರತಿ ಹಾಡಿಗೂ ಶ್ರುತಿ ಬಿಟ್ಟಿತು. ಹಾಡುವವರು ನನ್ನ ಕಡೆ ತಿರುಗಿ ನೋಡಿದ್ದು ಇವತ್ತಿಗೂ ನೆನಪಿದೆ. ತಪ್ಪು ಇದ್ದದ್ದು ಪಿಕಪ್ಪಿನಲ್ಲಿ ಅಲ್ಲ, ನಟ್ಟಿನ (ಬಿರಡೆಗಳ ಬುಡದಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ) ಒಂದು ಕಚ್ಚಿನಲ್ಲಿ. ಅದನ್ನು ಸರಿಮಾಡಲು ಬೇಕಾದದ್ದು ಅರ್ಧ ಗಂಟೆ ಮತ್ತು ಒಂದು ಸಣ್ಣ ಅರ.

ಹಾಗಾಗಿ ಮೊದಲು ಅಳತೆಗೋಲು ಹೇಳಿಬಿಡುತ್ತೇನೆ. ಪ್ರತಿ ದಾರಿಯನ್ನೂ ಈ ಪ್ರಶ್ನೆಗಳಿಂದ ತೂಗಿ ನೋಡಿ. ಇದರಿಂದ ಶ್ರುತಿ ನಿಲ್ಲುತ್ತದಾ? ಬೆರಳಿಗೆ ಸುಲಭ ಆಗುತ್ತದಾ? ಗುಂಯ್ ಎನ್ನುವ ಸದ್ದು ಕಡಿಮೆ ಆಗುತ್ತದಾ? ಸ್ವರ ಚೆಂದ ಆಗುತ್ತದಾ? ಕೆಲಸ ಮನೆಯಲ್ಲೇ ಆಗುತ್ತದಾ, ಅಲ್ಲ ರೈಲು ಹತ್ತಿ ಮಂಗಳೂರಿಗೆ ಹೋಗಬೇಕಾ? ನಮ್ಮ ಮಳೆಗಾಲವನ್ನು ತಡೆಯುತ್ತದಾ? ಕೊನೆಯದಾಗಿ, ಹಾಕಿದ ದುಡ್ಡು ಮುಂದಿನ ಗಿಟಾರಿಗೂ ಉಪಯೋಗಕ್ಕೆ ಬರುತ್ತದಾ?

ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಗಿಟಾರ್ ಮಾರುವಾಗ ನೀವು “ಒಳಗೆ ಒಳ್ಳೆಯ ಪಿಕಪ್ ಇದೆ” ಎಂದರೆ ಕೊಳ್ಳುವವರು ಜಾಸ್ತಿ ಕೊಡುವುದಿಲ್ಲ. ಬಿಡಿಭಾಗಕ್ಕೆ ಹಾಕಿದ್ದು ಬಿಡಿಭಾಗದ ಜೊತೆಗೇ ಇರುತ್ತದೆ.

ಎಲ್ಲಕ್ಕಿಂತ ಮೊದಲು ನೆಕ್

ಒಂದು ರೂಪಾಯಿ ಖರ್ಚು ಮಾಡುವ ಮೊದಲು ನೆಕ್ಕನ್ನು, ಅಂದರೆ ಬೆರಳು ಒತ್ತುವ ಉದ್ದ ಕತ್ತನ್ನು ನೋಡಿ. ಗಿಟಾರಿನ ಬುಡವನ್ನು ಹೊಟ್ಟೆಗೆ ಒತ್ತಿಕೊಂಡು, ಬಂದೂಕಿನ ಗುರಿ ನೋಡುವ ಹಾಗೆ ಬ್ರಿಜ್ (ತಂತಿಗಳ ಕೆಳತುದಿ ಹಿಡಿದಿರುವ ಭಾಗ) ಕಡೆಯಿಂದ ನೆಕ್ಕಿನ ಅಂಚಿಗೆ ಕಣ್ಣು ಹಾಯಿಸಿ. ಸ್ವಲ್ಪ ಬಾಗಿದ್ದರೆ ತೊಂದರೆ ಇಲ್ಲ, ಒಳಗಿನ ಟ್ರಸ್ ರಾಡ್ (ಬಿಗಿಸಡಿಲ ಮಾಡುವ ಉಕ್ಕಿನ ಸರಳು) ಅದನ್ನು ಸರಿಮಾಡುತ್ತದೆ. ಹಗ್ಗ ಹೊಸೆದ ಹಾಗೆ ತಿರುಚಿದ್ದರೆ ಬಿಟ್ಟುಬಿಡಿ. ಟ್ರಸ್ ರಾಡ್ ತಿರುಗಿಸಿದರೂ ನೆಕ್ ಕದಲದಿದ್ದರೆ, ಅಥವಾ ಒಂದನೆಯ ತಂತಿ ಫ್ರೆಟ್‌ಬೋರ್ಡಿನ ಅಂಚಿನಿಂದ ಕೆಳಗೆ ಜಾರುವಷ್ಟು ನೆಕ್ ವಾರೆಯಾಗಿ ಕೂತಿದ್ದರೆ ಯೋಚಿಸಬೇಕು. ವಾರೆ ಕೂತದ್ದನ್ನು ಕೆಲವೊಮ್ಮೆ ನಾಲ್ಕು ಸ್ಕ್ರೂ ಸಡಿಲಿಸಿ, ನೆಕ್ಕನ್ನು ಒಂದು ಎಳೆ ಸರಿಸಿ ಬಿಗಿದರೆ ಸರಿ ಆಗುತ್ತದೆ. ತಿರುಚಿದ ನೆಕ್ಕಿಗೆ ಮನೆಮದ್ದು ಇಲ್ಲ. ಅಂಥ ಗಿಟಾರಿಗೆ ಹೊಸ ಭಾಗ ಹಾಕುವುದು ಬುಡ ಕೊಳೆತ ತೆಂಗಿಗೆ ಗೊಬ್ಬರ ಹಾಕಿದ ಹಾಗೆ.

ನೆಕ್ ಸರಿ ಇದ್ದರೆ ಧೈರ್ಯವಾಗಿ ಮುಂದೆ ಹೋಗಿ. ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರ್ ಬಂದದ್ದು 1954ರಲ್ಲಿ. ಇವತ್ತಿನ ಅಗ್ಗದ ಗಿಟಾರುಗಳಲ್ಲಿ ಬಹಳಷ್ಟು ಅದರದ್ದೇ ಅಚ್ಚು. ಹಾಗಾಗಿ ಬಿಡಿಭಾಗಗಳಿಗೆ ಬರ ಇಲ್ಲ.

ಮೊದಲ ದಾರಿ: ತಂತಿ ಮತ್ತು ಸೆಟಪ್

ಸೆಟಪ್ ಎಂದರೆ ನೆಕ್ಕಿನ ಬಾಗು, ತಂತಿಯ ಎತ್ತರ ಎಲ್ಲ ಹೊಂದಿಸುವುದು. ಖರ್ಚು ಸುಮಾರು 500ರಿಂದ 1,500 ರೂಪಾಯಿ. ಮೇಲಿನ ಪ್ರಶ್ನೆಗಳಲ್ಲಿ ಹೆಚ್ಚಿನದಕ್ಕೆ ಹೌದು ಎನ್ನುವ ದಾರಿ ಇದೊಂದೇ. ಅಂಗಡಿಯಿಂದ ಬಂದ ಅಗ್ಗದ ಗಿಟಾರಿಗೆ ಸಾಮಾನ್ಯವಾಗಿ ಯಾರೂ ಸೆಟಪ್ ಮಾಡಿರುವುದಿಲ್ಲ. ಅಗ್ಗ ಆಗುವುದಕ್ಕೆ ಅದೂ ಒಂದು ಕಾರಣ.

ಬೇಕಾದ ಸಾಮಾನು ನಮ್ಮೂರಲ್ಲೇ ಇದೆ. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡಲು ಇಟ್ಟುಕೊಂಡಿರುವ ಫೀಲರ್ ಗೇಜ್ ಗೊತ್ತಲ್ವಾ, ವಿಸಿಟಿಂಗ್ ಕಾರ್ಡಿನ ಕಟ್ಟಿನಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಪಟ್ಟಿಗಳು? ನೆಕ್ಕಿನ ಬಾಗು ಅಳೆಯಲು ಅದಕ್ಕಿಂತ ಒಳ್ಳೆಯದು ಇಲ್ಲ. ತಂತಿಯನ್ನು ಶ್ರುತಿ ಮಾಡಿ. ಆರನೆಯ, ಅಂದರೆ ಎಲ್ಲಕ್ಕಿಂತ ದಪ್ಪ ತಂತಿಯನ್ನು 1ನೇ ಫ್ರೆಟ್ಟಿನಲ್ಲೂ (ನೆಕ್ಕಿಗೆ ಅಡ್ಡ ಇರುವ ಲೋಹದ ಪಟ್ಟಿ) ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿಯಿರಿ. ಎರಡೂ ಕೈ ಅಲ್ಲೇ ಇರುವುದರಿಂದ ತಂಗಿಯನ್ನೋ ಗೆಳೆಯನನ್ನೋ ಕರೆದು 0.25 ಮಿ.ಮೀ. ಪಟ್ಟಿಯನ್ನು 8ನೇ ಫ್ರೆಟ್ ಮತ್ತು ತಂತಿಯ ನಡುವೆ ತೂರಿಸಲು ಹೇಳಿ. ತಂತಿಯನ್ನು ಎತ್ತದೆ, ಸವರಿಕೊಂಡು ಹೋದರೆ ಬಾಗು ಸರಿ ಇದೆ. ಎಡೆ ಜಾಸ್ತಿ ಇದ್ದರೆ ಅಲೆನ್ ಕೀ ಹಾಕಿ ಟ್ರಸ್ ರಾಡನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ, ಕಡಿಮೆ ಇದ್ದರೆ ಎಡಕ್ಕೆ. ಒಮ್ಮೆಗೆ ಕಾಲು ಸುತ್ತು ಮಾತ್ರ. ಮರ ಹೊಂದಿಕೊಳ್ಳಲು ಒಂದು ರಾತ್ರಿ ಬಿಡಿ. ಗಟ್ಟಿಯಾಗಿ ಸಿಕ್ಕಿಹಾಕಿಕೊಂಡಿದ್ದರೆ ಜೋರು ಮಾಡಬೇಡಿ. ರಾಡ್ ಮುರಿದರೆ ನೆಕ್ ಹೋದಂತೆಯೇ.

ಆಮೇಲೆ ಬ್ರಿಜ್ ಸ್ಯಾಡಲ್ (ಬ್ರಿಜ್ಜಿನಲ್ಲಿ ತಂತಿ ಕೂರುವ ಸಣ್ಣ ತುಂಡು) ಏರಿಸಿ ಇಳಿಸಿ, 12ನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರ ಸಣ್ಣ ತಂತಿಗೆ ಸುಮಾರು 1.6 ಮಿ.ಮೀ., ದಪ್ಪ ತಂತಿಗೆ 2 ಮಿ.ಮೀ. ಬರುವಂತೆ ಮಾಡಿ. ಎಲ್ಲೂ ಜರ್ ಎನ್ನಬಾರದು. 12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಬರೀ ತಾಗಿಸಿ ಮೀಟಿದ ಸ್ವರ, ಒತ್ತಿ ಮೀಟಿದ ಸ್ವರ, ಎರಡೂ ಟ್ಯೂನರ್ ಆ್ಯಪಿನಲ್ಲಿ ಒಂದೇ ತೋರಿಸಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ.

ಪಿಕಪ್ಪಿನ ಎತ್ತರವನ್ನೂ ಈಗಲೇ ನೋಡಿ. ಇದಕ್ಕೆ ಖರ್ಚಿಲ್ಲ, ಬರೀ ಸ್ಕ್ರೂಡ್ರೈವರ್ ಸಾಕು. ಕೊನೆಯ ಫ್ರೆಟ್ ಒತ್ತಿದಾಗ ಪಿಕಪ್ಪಿಗೂ ತಂತಿಗೂ ಎರಡು ಮಿ.ಮೀ. ಅಂತರ ಇಟ್ಟು ಶುರು ಮಾಡಿ. ತುಂಬ ಹತ್ತಿರ ಇದ್ದರೆ ಅಯಸ್ಕಾಂತ ತಂತಿಯನ್ನು ಎಳೆದು ಸ್ವರವೇ ಅಲುಗುತ್ತದೆ. “ನನ್ನ ಪಿಕಪ್ ಸರಿ ಇಲ್ಲ” ಎಂದು ತಂದ ಎಷ್ಟೋ ಗಿಟಾರುಗಳು ಇಷ್ಟರಲ್ಲೇ ಸರಿಹೋಗಿವೆ.

ತಂತಿಯ ವಿಷಯದಲ್ಲಿ ನಮ್ಮ ಕರಾವಳಿಗೆ ಒಂದು ಮಾತು ಜಾಸ್ತಿ ಹೇಳಬೇಕು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ಊರು, ಮೇಲಿಂದ ಕಡಲಿನ ಉಪ್ಪುಗಾಳಿ. ಸಾದಾ ನಿಕ್ಕಲ್ ತಂತಿಗೆ ಜುಲೈ–ಆಗಸ್ಟಿನ ಆಟಿ ತಿಂಗಳಲ್ಲಿ ಬೇಗ ತುಕ್ಕು. ಲೇಪನ ಇರುವ ತಂತಿಯ ಬೆಲೆ ಸಾದಾದ ಸುಮಾರು ಎರಡು ಪಟ್ಟು, ಬಾಳಿಕೆಯೂ ಜಾಸ್ತಿ. ದಿನವೂ ನುಡಿಸಿ, ಬಟ್ಟೆಯಲ್ಲಿ ಒರೆಸಿ ಇಡುವ ಅಭ್ಯಾಸ ಇದ್ದರೆ ಸಾದಾ ಸಾಕು. ವಾರಕ್ಕೊಮ್ಮೆ ಮುಟ್ಟುವವರಿಗೆ ಲೇಪನದ್ದೇ ಲಾಭ. ದಪ್ಪದ ಲೆಕ್ಕದಲ್ಲಿ (ಮೊದಲ ಮತ್ತು ಕೊನೆಯ ತಂತಿಯ ದಪ್ಪ, ಇಂಚಿನ ಸಾವಿರದ ಪಾಲಿನಲ್ಲಿ) 9–42 ಬೆರಳಿಗೆ ಹಗುರ, 10–46 ಸ್ವಲ್ಪ ಬಿಗಿ, ಸ್ವರವೂ ತುಂಬಿಕೊಂಡಿರುತ್ತದೆ. ದಪ್ಪ ಬದಲಿಸಿದರೆ ಸೆಟಪ್ ಮತ್ತೊಮ್ಮೆ ಮಾಡಬೇಕು.

ಎರಡನೆಯ ದಾರಿ: ನಟ್, ಬಿರಡೆ, ಬ್ರಿಜ್

ಶ್ರುತಿ ನಿಲ್ಲದಿದ್ದರೆ ಎಲ್ಲರ ಕಣ್ಣು ಹೋಗುವುದು ಬಿರಡೆಯ ಮೇಲೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ತಪ್ಪು ನಟ್ಟಿನದ್ದು. ಶ್ರುತಿ ಏರಿಸುವಾಗ ಕಿವಿ ಹತ್ತಿರ ಇಡಿ. ‘ಟಿಂಕ್’ ಎಂದು ಸಣ್ಣ ಸದ್ದು ಬಂದು ಸ್ವರ ಒಮ್ಮೆಲೇ ಹಾರಿದರೆ ತಂತಿ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಕಚ್ಚಿಗೆ 2ಬಿ ಪೆನ್ಸಿಲ್ ಉಜ್ಜಿ ನೋಡಿ. ಅದರಲ್ಲೇ ಸರಿಹೋದರೆ ನಿಮ್ಮ ಖರ್ಚು ಹತ್ತು ರೂಪಾಯಿ.

ಕಚ್ಚಿನ ಎತ್ತರ ನೋಡುವುದು ಹೀಗೆ. ತಂತಿಯನ್ನು 3ನೇ ಫ್ರೆಟ್ಟಿನಲ್ಲಿ ಒತ್ತಿ, 1ನೇ ಫ್ರೆಟ್ಟಿನ ಮೇಲೆ ಎಡೆ ಎಷ್ಟಿದೆ ನೋಡಿ. ಜೆರಾಕ್ಸ್ ಕಾಗದ ಸುಮಾರು 0.1 ಮಿ.ಮೀ. ದಪ್ಪ. ಒಂದು ಹಾಳೆ ಹೋಗುವಷ್ಟು ಎಡೆ ಇದ್ದರೆ ಸಾಕು. ಐದಾರು ಹಾಳೆ ಹೋಗುವಷ್ಟಿದ್ದರೆ ಎಫ್ ಕಾರ್ಡ್ ಹಿಡಿಯುವಾಗ ಬೆರಳು ಯಾಕೆ ನೋಯುತ್ತಿತ್ತು ಎಂದು ಈಗ ಗೊತ್ತಾಯಿತು. ಎಷ್ಟೋ ಮಕ್ಕಳು ತಮ್ಮ ಬೆರಳೇ ಸರಿ ಇಲ್ಲ ಎಂದು ಗಿಟಾರ್ ಬಿಟ್ಟುಬಿಡುತ್ತಾರೆ. ನನಗೆ ತುಂಬ ಬೇಸರ ತರಿಸುವ ವಿಷಯ ಇದು.

ನಟ್ ಅರ ದುಬಾರಿ. ಗ್ಯಾಸ್ ವೆಲ್ಡಿಂಗಿನವರು ನಳಿಗೆಯ ತೂತು ಸ್ವಚ್ಛ ಮಾಡಲು ಬಳಸುವ ಟಿಪ್ ಕ್ಲೀನರ್ ಸೆಟ್ ಕಡಿಮೆ ದುಡ್ಡಿಗೆ ಸಿಗುತ್ತದೆ, ಬೇರೆ ಬೇರೆ ದಪ್ಪದ ಒರಟು ಕಡ್ಡಿಗಳು ಅದರಲ್ಲಿವೆ. ತಂತಿಗಿಂತ ಕೂದಲೆಳೆಯಷ್ಟು ಮಾತ್ರ ಹೆಚ್ಚು ದಪ್ಪದ ಕಡ್ಡಿ ಆರಿಸಿ, ಬಿರಡೆಯ ಕಡೆಗೆ ಸ್ವಲ್ಪ ಇಳಿಜಾರಾಗಿ ನಾಲ್ಕು ಸಲ ಉಜ್ಜಿ, ತಂತಿ ಹಾಕಿ ನೋಡಿ, ಮತ್ತೆ ನಾಲ್ಕು ಸಲ. ಅವಸರ ಬೇಡ. ಆಳ ಜಾಸ್ತಿಯಾದರೆ ತಂತಿ 1ನೇ ಫ್ರೆಟ್ಟಿಗೆ ತಾಗಿ ಜರ್ ಎನ್ನುತ್ತದೆ. ಆಗ ಕಚ್ಚಿಗೆ ಅಡುಗೆ ಸೋಡಾ ತುಂಬಿ ಸೂಪರ್ ಗ್ಲೂ ಬಿಟ್ಟು, ಗಟ್ಟಿಯಾದ ಮೇಲೆ ಮೊದಲಿಂದ ಅರ ಹಾಕಬೇಕು. ಪ್ಲಾಸ್ಟಿಕ್ ನಟ್ ತೆಗೆದು ಮೂಳೆಯದ್ದು ಕೂರಿಸುವುದು ಇನ್ನೂ ಒಳ್ಳೆಯದು. ಮೂಳೆಯ ತುಂಡಿಗೆ 150–300 ರೂಪಾಯಿ, ಆದರೆ ಕೈ ಅಭ್ಯಾಸ ಬೇಕು. ಅದನ್ನು ಮಂಗಳೂರಿನಲ್ಲಿ ಗೊತ್ತಿದ್ದವರಿಂದ ಮಾಡಿಸಿದರೂ ದುಡ್ಡು ದಂಡ ಅಲ್ಲ.

ಬಿರಡೆ ಬದಲಿಸಲೇಬೇಕಾದದ್ದು ಯಾವಾಗ? ತಿರುಗಿಸಿದಾಗ ಗುಂಡಿ ಅಲುಗಾಡಿ, ಅರ್ಧ ಸುತ್ತಿಗೂ ಸ್ವರ ಬದಲಾಗದಿದ್ದರೆ. ಸಾದಾ ಸೆಟ್ ಸಾವಿರ ರೂಪಾಯಿಯ ಆಸುಪಾಸು, ತಂತಿಯನ್ನು ಕಚ್ಚಿ ಹಿಡಿಯುವ ಲಾಕಿಂಗ್ ಸೆಟ್ 2,500ರಿಂದ ಮೇಲೆ. ಲಾಕಿಂಗ್ ಇದ್ದರೆ ತಂತಿ ಬದಲಿಸುವುದು ಎರಡು ನಿಮಿಷದ ಕೆಲಸ, ಕಂಬಕ್ಕೆ ಸುತ್ತಿದ ಸುರುಳಿ ಜಾರುವ ಗೋಳಿಲ್ಲ. ಆದರೆ ನಟ್ ಕೆಟ್ಟಿದ್ದರೆ ಲಾಕಿಂಗ್ ಬಿರಡೆಯೂ ಏನೂ ಮಾಡಲಾರದು. ಕೊಳ್ಳುವ ಮೊದಲು ತೂತಿನ ಅಳತೆ ನೋಡಿ. ಈಗಿನ ಹೆಚ್ಚಿನ ಬಿರಡೆಗಳಿಗೆ 10 ಮಿ.ಮೀ. ತೂತು ಬೇಕು. ನಿಮ್ಮ ಗಿಟಾರಿನಲ್ಲಿ ಕಡಿಮೆ ಇದ್ದರೆ ಡ್ರಿಲ್ ಮಾಡುವುದೊಂದೇ ದಾರಿ, ಅದನ್ನು ಮತ್ತೆ ಮೊದಲಿನಂತೆ ಮಾಡುವುದು ಕಷ್ಟ. ಒಳ್ಳೆಯ ಬಿರಡೆ ಮುಂದಿನ ಗಿಟಾರಿಗೂ ಆಗುತ್ತದೆ ಎನ್ನುವುದು ಅದರ ಪರ ಇರುವ ಮಾತು.

ಕೋಲು ಒತ್ತಿ ಸ್ವರ ಅಲುಗಿಸುವ ಟ್ರೆಮೊಲೊ ಬ್ರಿಜ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಆ ಕೋಲನ್ನು ನೀವು ಬಳಸುವುದಿಲ್ಲ ಎಂದಾದರೆ ಹೊಸ ಬ್ರಿಜ್ ಕೊಳ್ಳಲೇಬೇಡಿ. ಹಿಂದಿನ ಮುಚ್ಚಳ ತೆಗೆದು, ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂ ಬಿಗಿದು, ಬ್ರಿಜ್ ಮರಕ್ಕೆ ಅಂಟಿ ಕೂರುವಂತೆ ಮಾಡಿ. ಒಳಗಿನ ಲೋಹದ ಗಟ್ಟಿಗೂ ಮರಕ್ಕೂ ನಡುವೆ ಹಲಸಿನ ಮರದ ಒಂದು ತುಂಡನ್ನು ಆಚಾರಿಯ ಹತ್ತಿರ ಅಳತೆಗೆ ಸರಿಯಾಗಿ ಕೊರೆಸಿ ಕೂರಿಸಿದರೆ ಇನ್ನೂ ಭದ್ರ. ನಾನು ಹಾಗೆ ಕೂರಿಸಿದ ಒಂದು ಗಿಟಾರ್ ಈಗ ಆರನೆಯ ಮಳೆಗಾಲ ನೋಡುತ್ತಿದೆ. ಬ್ರಿಜ್ ಬದಲಿಸಲೇಬೇಕು ಎನ್ನುವವರು ಒಂದನೆಯ ಸ್ಕ್ರೂವಿನಿಂದ ಆರನೆಯದರ ನಡುವಿನ ದೂರ ಅಳೆಯಿರಿ, 52.5, 54, 56 ಮಿ.ಮೀ. ಎಂದು ಬೇರೆ ಬೇರೆ ಇವೆ. ಗಿಟಾರಿನ ದಪ್ಪವನ್ನೂ ಅಳೆಯಿರಿ. ಅಗ್ಗದ ಗಿಟಾರಿನ ಒಡಲು ಹಲವು ಸಲ ತೆಳು. ಪೂರ್ತಿ ಉದ್ದದ ಗಟ್ಟಿ ಹಾಕಿದರೆ ಹಿಂದಿನಿಂದ ಹೊರಗೆ ಇಣುಕುತ್ತದೆ.

ಮೂರನೆಯ ದಾರಿ: ಒಳಗಿನ ವಯರಿಂಗ್ ಮತ್ತು ಪಿಕಪ್

ಗುಂಯ್ ಸದ್ದಿನಲ್ಲಿ ಎರಡು ಜಾತಿ ಇದೆ. ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರ್ ಹತ್ತಿರ ಬರುವ ಚುರ್ ಎನ್ನುವ ಸದ್ದು ಒಂದು. ನಮ್ಮ ಕರೆಂಟ್ 50 ಹರ್ಟ್ಸ್‌ನದ್ದು, ಅದರ ದಪ್ಪ ಗುಂಯ್ ಇನ್ನೊಂದು. ಪಿಕ್‌ಗಾರ್ಡ್ (ಮುಂದಿನ ಪ್ಲಾಸ್ಟಿಕ್ ಹಲಗೆ) ಬಿಚ್ಚಿ, ಮರದಲ್ಲಿ ಕೊರೆದ ಹಳ್ಳದ ಒಳಮೈಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡಿಗೆ ಸೇರಿಸಿದರೆ ಮೊದಲನೆಯದು ಚೆನ್ನಾಗಿ ಕಡಿಮೆಯಾಗುತ್ತದೆ. ಖರ್ಚು 300–500 ರೂಪಾಯಿ. ಎಸಿ ರಿಪೇರಿಯವರ ಅಲ್ಯುಮಿನಿಯಂ ಟೇಪೂ ಆಗುತ್ತದೆ, ಆದರೆ ಅದಕ್ಕೆ ಸೋಲ್ಡರ್ ಹಿಡಿಯುವುದಿಲ್ಲ, ಸ್ಕ್ರೂ ಹಾಕಿ ವಯರ್ ಕಚ್ಚಿಸಬೇಕು. ದಪ್ಪ ಗುಂಯ್ ಮಾತ್ರ ಟೇಪಿಗೆ ಬಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು ಹಂಬಕರ್ ಎನ್ನುವ ಜೋಡಿ ಸುರುಳಿಯ ಪಿಕಪ್. ಎರಡು ಸುರುಳಿಯನ್ನು ಎದುರುಬದುರಾಗಿ ಜೋಡಿಸಿ ಗುಂಯ್ ಅನ್ನು ಒಂದಕ್ಕೊಂದು ಹೊಡೆದುಹಾಕುವ ಈ ಉಪಾಯವನ್ನು 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ರೂಪಿಸಿದರು. ಮೂರು ಪಿಕಪ್ಪಿನ ಗಿಟಾರಿದ್ದರೆ ಸ್ವಿಚ್ಚನ್ನು ಎರಡು ಅಥವಾ ನಾಲ್ಕನೆಯ ಸ್ಥಾನಕ್ಕೆ ಹಾಕಿ ನೋಡಿ. ಗುಂಯ್ ತಟ್ಟನೆ ಇಳಿದರೆ ನಡುವಿನ ಪಿಕಪ್ ವಿರುದ್ಧ ದಿಕ್ಕಿಗೆ ಸುತ್ತಿದ್ದು, ನಿಮಗೆ ಅರ್ಧ ಪರಿಹಾರ ಆಗಲೇ ಕೈಯಲ್ಲಿದೆ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಓದಿ ಬಿಟ್ಟುಬಿಡಬೇಡಿ. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಅದು ಸಹಜ. ಮುಟ್ಟಿದಾಗ ಜುಂ ಎಂದರೆ, ಅಥವಾ ಮೈಕಿಗೆ ತುಟಿ ತಾಗಿದಾಗ ಹೊಡೆತ ಬಿದ್ದರೆ ಅದು ಗಿಟಾರಿನ ವಿಷಯ ಅಲ್ಲ, ಅರ್ಥಿಂಗ್ ಸರಿ ಇಲ್ಲ. ಹಳೆಯ ಮನೆಗಳಲ್ಲಿ, ಜನರೇಟರ್ ಹಾಕಿದ ವೇದಿಕೆಗಳಲ್ಲಿ ಹೀಗಾಗುವುದುಂಟು. ಕೂಡಲೇ ಜ್ಯಾಕ್ ಕಳಚಿ, ಎಲೆಕ್ಟ್ರಿಶನ್ ನೋಡುವ ತನಕ ನುಡಿಸಬೇಡಿ. ಮಳೆಗೆ ಒದ್ದೆಯಾದ ನೆಲದಲ್ಲಿ ಬರಿಗಾಲಲ್ಲಿ ನಿಂತಿದ್ದರೆ ಜೀವಕ್ಕೇ ಅಪಾಯ.

ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ ಟಿವಿ ರಿಪೇರಿ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಹೊಡೆದು, ಇಪ್ಪತ್ತು ಸಲ ತಿರುಗಿಸಿ. ಆ ತಿರುಗುವ ಭಾಗವನ್ನೇ, ಅಂದರೆ ಪೊಟೆನ್ಷಿಯೋಮೀಟರ್ ಬದಲಿಸುವುದಾದರೆ ಸಿಂಗಲ್ ಕಾಯಿಲಿಗೆ (ಒಂದೇ ಸುರುಳಿಯ ಪಿಕಪ್) 250 ಕಿಲೋ ಓಮ್, ಹಂಬಕರಿಗೆ 500. ದೊಡ್ಡ ಗಾತ್ರದ್ದಕ್ಕೆ ಪಿಕ್‌ಗಾರ್ಡಿನ ತೂತು ಅಗಲಿಸಬೇಕಾಗಬಹುದು, ಹಳೆಯ ಗುಬ್ಬಿ ಹೊಸ ದಂಡಿಗೆ ಕೂರದೆಯೂ ಇರಬಹುದು.

ಈಗ ಪಿಕಪ್. ಅಗ್ಗದ ಗಿಟಾರಿನಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಅಯಸ್ಕಾಂತದ್ದು ಇರುತ್ತದೆ. ಸ್ವರ ಚುರುಕು, ಸ್ವಲ್ಪ ಒರಟು. ಡಿಸ್ಟಾರ್ಷನ್ (ಸ್ವರವನ್ನು ಬೇಕೆಂದೇ ಒಡೆಸುವ ಎಫೆಕ್ಟ್) ಹಾಕಿ ನುಡಿಸುವವರಿಗೆ ಅದೇ ಚೆನ್ನ. ಭಾವಗೀತೆಗೆ, ಚರ್ಚಿನ ಕ್ವಾಯರಿಗೆ ಸ್ವಚ್ಛ ಸ್ವರದಲ್ಲಿ ನುಡಿಸುವವರಿಗೆ ಆಲ್ನಿಕೋ ಎನ್ನುವ ಮಿಶ್ರಲೋಹದ ಅಯಸ್ಕಾಂತದ್ದು ಮೆದುವಾಗಿ ಕೇಳುತ್ತದೆ. ಹೆಸರಿಲ್ಲದ ಆಲ್ನಿಕೋ ಸೆಟ್ 2,000–3,500ಕ್ಕೆ ಸಿಗುತ್ತದೆ, ಸೆಮೋರ್ ಡಂಕನ್, ಡಿಮಾರ್ಜಿಯೋ ಥರದ ಹೆಸರಾಂತದ್ದು ಒಂದಕ್ಕೇ ಅದಕ್ಕಿಂತ ಬಹಳ ಜಾಸ್ತಿ. ನನ್ನ ಕಿವಿಗೆ ಮೊದಲ ಜಿಗಿತ ದೊಡ್ಡದು, ಎರಡನೆಯದು ಸಣ್ಣದು. ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರಿಗೆ ಆ ಸಣ್ಣ ಜಿಗಿತವೂ ಮುಖ್ಯ ಆಗಬಹುದು. ವೇದಿಕೆಯಲ್ಲಿ ಚೆಂಡೆ, ಕೀಬೋರ್ಡ್, ರಿದಮ್ ಪ್ಯಾಡಿನ ನಡುವೆ ಅದು ಯಾರಿಗೂ ಕೇಳುವುದಿಲ್ಲ.

ನಾಲ್ಕನೆಯ ದಾರಿ: ಗಿಟಾರ್ ಬಿಟ್ಟು ಆಂಪ್ಲಿಫೈಯರ್

ಸ್ವರ ಚೆಂದ ಆಗಬೇಕು ಎನ್ನುವವರು ಪಿಕಪ್ಪಿಗಿಂತ ಮೊದಲು ನೋಡಬೇಕಾದದ್ದು ಇದನ್ನು. ಎಲೆಕ್ಟ್ರಿಕ್ ಗಿಟಾರಿನ ಸ್ವರದಲ್ಲಿ ದೊಡ್ಡ ಪಾಲು ಆಂಪ್ಲಿಫೈಯರ್ ಮತ್ತು ಸ್ಪೀಕರಿನದ್ದು. ಜಾತ್ರೆ, ಕ್ಲಬ್ಬಿನ ವಾರ್ಷಿಕೋತ್ಸವಗಳಲ್ಲಿ ಸೌಂಡ್ಸಿನವರು ವಯರನ್ನು ನೇರ ಮಿಕ್ಸರಿಗೆ ಚುಚ್ಚುತ್ತಾರೆ. ಹಾಗೇ ಚುಚ್ಚಿದರೆ ಸ್ವರ ಮಂಕು. ಡಿಸ್ಟಾರ್ಷನ್ ಪೆಡಲ್ ಹಾಕಿ ಚುಚ್ಚಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ಗಿಟಾರ್ ಸ್ಪೀಕರ್ ಮೇಲಿನ ಕರ್ಕಶ ಸ್ವರಗಳನ್ನು ತಾನಾಗಿ ಕತ್ತರಿಸುತ್ತದೆ, ವೇದಿಕೆಯ ಬಾಕ್ಸ್ ಕತ್ತರಿಸುವುದಿಲ್ಲ. ಕ್ಯಾಬಿನೆಟ್ ಸಿಮ್ಯುಲೇಶನ್ (ಗಿಟಾರ್ ಸ್ಪೀಕರಿನ ನಕಲು) ಇರುವ ಸಣ್ಣ ಮಲ್ಟಿ ಎಫೆಕ್ಟ್ಸ್ ಪೆಡಲ್ ಒಂದಿದ್ದರೆ ಈ ಸಮಸ್ಯೆ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ 4,000–6,000ಕ್ಕೆ ಸಿಕ್ಕಿದರೆ ಬಿಡಬೇಡಿ. ಮನೆಯಲ್ಲಿ ಹೆಡ್‌ಫೋನ್ ಹಾಕಿ ಅಭ್ಯಾಸಕ್ಕೂ ಆಗುತ್ತದೆ, ಮುಂದಿನ ಗಿಟಾರಿಗೂ ಆಗುತ್ತದೆ. ಬೆರಳಿಗೆ, ಶ್ರುತಿಗೆ ಇದರಿಂದ ಏನೂ ಲಾಭ ಇಲ್ಲ ಎನ್ನುವುದನ್ನು ಮರೆಯಬೇಡಿ.

ಐದನೆಯ ದಾರಿ: ಮಾರಿ ಬೇರೆ ಕೊಳ್ಳುವುದು

ಬಿರಡೆ, ನಟ್, ಬ್ರಿಜ್, ಪಿಕಪ್, ವಯರಿಂಗ್ ಎಲ್ಲ ಬೇಕು ಎಂದು ಪಟ್ಟಿ ಬರೆದು ಕೂಡಿಸಿ. ಹನ್ನೆರಡು, ಹದಿನೈದು ಸಾವಿರ ದಾಟಿದರೆ ನಿಲ್ಲಿ. ಅದಕ್ಕೆ ಈಗಿನ ಗಿಟಾರ್ ಮಾರಿದ ದುಡ್ಡು ಸೇರಿಸಿದರೆ ಯಮಹಾ ಪೆಸಿಫಿಕಾ, ಸ್ಕ್ವಯರ್ ಥರದ ಗಿಟಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಬಹುದು. ಫ್ರೆಟ್ಟಿನ ಅಂಚು, ನೆಕ್ಕಿನ ಕೆಲಸ ಅವುಗಳಲ್ಲಿ ಸಾಮಾನ್ಯವಾಗಿ ಅಚ್ಚುಕಟ್ಟು, ಆ ಅಚ್ಚುಕಟ್ಟನ್ನು ಬಿಡಿಭಾಗ ಕೊಂಡು ತರಲು ಆಗುವುದಿಲ್ಲ. ಮಾರುವವರ ಮನೆಗೇ ಹೋಗಿ ನೋಡಿ. ಪ್ರತಿ ಫ್ರೆಟ್ಟಿನಲ್ಲೂ ಪ್ರತಿ ತಂತಿಯನ್ನೂ ಒಮ್ಮೆ ಮೀಟಿ. ಸ್ಕ್ರೂಗಳ ತಲೆಗೆ ತುಕ್ಕು ಹಿಡಿದಿದ್ದರೆ ಒಳಗೂ ಹಿಡಿದಿರುತ್ತದೆ.

ಈ ದಾರಿಯ ನಷ್ಟವನ್ನೂ ಹೇಳಬೇಕು. ಗಿಟಾರಿನ ಒಳಗೇನಿದೆ ಎಂದು ನೀವು ಕಲಿಯುವುದಿಲ್ಲ. ಬಿಚ್ಚಿ ಜೋಡಿಸಲು ಆಸಕ್ತಿ ಇರುವವರಿಗೆ ಏಳು ಸಾವಿರದ ಗಿಟಾರಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಸೋಲ್ಡರಿಂಗ್ ಕೆಟ್ಟರೂ ಎದೆ ಒಡೆಯುವುದಿಲ್ಲ.

ಹಾಗಾದರೆ ನಿಮ್ಮ ಕೈಯಲ್ಲಿ ಎಷ್ಟಿದೆ? ಒಂದೂವರೆ ಸಾವಿರ ಇದ್ದರೆ ಯೋಚನೆಯೇ ಬೇಡ: ತಂತಿ, ಸೆಟಪ್, ನಟ್ಟಿನ ಕಚ್ಚು. ಐದಾರು ಸಾವಿರ ಇದ್ದು ವೇದಿಕೆಯಲ್ಲಿ ನುಡಿಸುವವರಾದರೆ ಅದರ ಮೇಲೆ ಮೂಳೆ ನಟ್, ತಾಮ್ರದ ಟೇಪ್, ಉಳಿದದ್ದಕ್ಕೆ ಹಳೆಯ ಮಲ್ಟಿ ಎಫೆಕ್ಟ್ಸ್. ಅಷ್ಟೇ ದುಡ್ಡಿನಲ್ಲಿ ಮನೆಯಲ್ಲಿ ರೆಕಾರ್ಡ್ ಮಾಡುವವರು ಎಫೆಕ್ಟ್ಸ್ ಬದಲು ಆಲ್ನಿಕೋ ಸೆಟ್ ಹಾಕಬಹುದು. ಹದಿನೈದು ಸಾವಿರ ಇದ್ದರೆ ಮಾರಿ ಕೊಳ್ಳುವುದೇ ಸರಿ, ಆ ನೆಕ್ ನಿಮ್ಮ ಕೈಗೆ ಅಷ್ಟು ಇಷ್ಟ ಆಗಿಬಿಟ್ಟಿದ್ದರೆ ಮಾತ್ರ ಬೇರೆ ಮಾತು. ಹಾಗೆ ಇಷ್ಟ ಆಗುವುದುಂಟು. ನನ್ನ ಆ ಮೊದಲ ಗಿಟಾರನ್ನು ನಾನು ಇನ್ನೂ ಮಾರಿಲ್ಲ.

ಏನೇ ಬದಲಿಸಿದರೂ ತೆಗೆದ ಭಾಗ ಎಸೆಯಬೇಡಿ. ಸ್ಕ್ರೂ ಸಮೇತ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಯಾವ ಗಿಟಾರಿನದ್ದೆಂದು ಬರೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬ್ಯಾಗಿನ ಜೇಬಿನಲ್ಲಿಡಿ. ಮಾರುವ ದಿನ ಹಳೆಯದ್ದನ್ನು ಮತ್ತೆ ಕೂರಿಸಿ, ಹೊಸದನ್ನು ನೀವೇ ಇಟ್ಟುಕೊಳ್ಳಬಹುದು. ನೆಕ್ಕಿನ ಬಾಗನ್ನು ಮಾತ್ರ ವರ್ಷಕ್ಕೆ ಎರಡು ಸಲ ಅಳೆಯಿರಿ. ಜೂನ್‌ನಲ್ಲಿ ಮಳೆ ಹಿಡಿದು ಎರಡು ವಾರ ಆದ ಮೇಲೆ ಒಮ್ಮೆ, ಜನವರಿಯ ಒಣ ಗಾಳಿಯಲ್ಲಿ ಇನ್ನೊಮ್ಮೆ.